ಬಾಲ್ಡ್ ಈಗಲ್ ಬೇಟೆ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಗೆಳೆಯರು, ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಬಾಲ್ಡ್ ಈಗಲ್ ಎಂದರೆ ಬಿಳಿ ತಲೆಯ ಅಮೆರಿಕದ ಹದ್ದು. ಝೂನಲ್ಲಿ ಕೂತಿರುವ ಹದ್ದಿನ ವಿಷಯ ಇಲ್ಲಿಲ್ಲ. ಬಯಲಲ್ಲಿ ಬದುಕುವ ಹದ್ದು ತನ್ನ ಊಟವನ್ನು ತಾನೇ ಹಿಡಿಯುವುದನ್ನು, ಅಥವಾ ಕದಿಯುವುದನ್ನು, ಕಣ್ಣಾರೆ ನೋಡುವ ವಿಷಯ ಮಾತ್ರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಾಲರ್ ನೋಟಿನ ಮೇಲೆ ಕಾಣುವಷ್ಟು ಗಂಭೀರ ಹಕ್ಕಿ ಇದಲ್ಲ. ಸೋಮಾರಿ, ಕಳ್ಳ, ಜೊತೆಗೆ ಮಹಾ ಜಾಣ. ಇದು ಗೊತ್ತಿದ್ದು ಹೋದರೆ ನೋಡಲು ಜಾಸ್ತಿ ಸಿಗುತ್ತದೆ.

ಬೇಟೆ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಹದ್ದು ಜಾಸ್ತಿ ಸೇರುವ ಜಾಗವೆಲ್ಲ ಬೇಟೆ ನೋಡುವ ಜಾಗವಲ್ಲ. ಅಲಾಸ್ಕಾದ ಹೇನ್ಸ್ ಊರಿನ ಹತ್ತಿರ ಚಿಲ್ಕಾಟ್ ನದಿ ಇದೆ. 1982ರಲ್ಲಿ ಅಲ್ಲಿ ಹದ್ದುಗಳಿಗಾಗಿಯೇ 48,000 ಎಕರೆಯ ರಕ್ಷಿತ ಪ್ರದೇಶ ಮಾಡಿದರು. ನೆಲದಡಿಯಿಂದ ಉಕ್ಕುವ ನೀರು ಸ್ವಲ್ಪ ಬೆಚ್ಚಗಿರುವುದರಿಂದ ನದಿಯ ಆ ಭಾಗ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ತಡವಾಗಿ ಬರುವ ಚಮ್ ಸಾಲ್ಮನ್ ಮೀನು ಅಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ. ಆಗ ಸಾವಿರಾರು ಹದ್ದುಗಳು ಬಂದು ಸೇರುತ್ತವೆ. ನೋಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ತಿನ್ನುವುದು ಬಹುಪಾಲು ಸತ್ತ ಮೀನು ಅಥವಾ ಸಾಯುತ್ತಿರುವ ಮೀನು. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯದೂ ಇದೇ ಕತೆ.

ಹದ್ದು ಎರಗುವುದನ್ನೇ ನೋಡಬೇಕೆಂದರೆ ಅಣೆಕಟ್ಟಿನ ಕೆಳಗೆ ಹೋಗಿ. ಪೂರ್ವ ಭಾಗದವರಿಗೆ ಮೇರಿಲ್ಯಾಂಡಿನ ಕಾನೊವಿಂಗೊ ಅಣೆಕಟ್ಟು ಸಿಕ್ಕಿದ್ದು ಅದೃಷ್ಟವೇ ಸರಿ. ಬಾಲ್ಟಿಮೋರಿನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಸಸ್ಕ್ವೆಹಾನಾ ನದಿಗೆ 1928ರಲ್ಲಿ ಕಟ್ಟಿದ ಅಣೆಕಟ್ಟು ಇದು. ರೂಟ್ 1 ಹೆದ್ದಾರಿ ಅದರ ಮೇಲೆಯೇ ಹಾದುಹೋಗುತ್ತದೆ. ಕೆಳಗೆ ಫಿಶರ್‌ಮನ್ಸ್ ಪಾರ್ಕ್ ಇದೆ. ವಿದ್ಯುತ್ತಿಗಾಗಿ ಟರ್ಬೈನ್ ಓಡಿಸಿದಾಗ ಗಿಜ್ಜರ್ಡ್ ಶ್ಯಾಡ್ ಎಂಬ ಮೀನುಗಳು ಅದರೊಳಗೆ ಹಾದು, ಏಟು ತಿಂದು, ದಿಕ್ಕು ತಪ್ಪಿ ಈಚೆ ಬೀಳುತ್ತವೆ. ಮೇಲೆ ತೇಲುತ್ತವೆ, ಪಕ್ಕಕ್ಕೆ ಹೊರಳುತ್ತವೆ. ಹೊರಳಿದಾಗ ಹೊಟ್ಟೆಯ ಬೆಳ್ಳಿ ಬಣ್ಣ ಫಳ್ ಎನ್ನುತ್ತದೆ. ದಡದ ಮರಗಳಲ್ಲಿ, ಬಂಡೆಗಳ ಮೇಲೆ, ವಿದ್ಯುತ್ ಗೋಪುರಗಳ ಮೇಲೆ ಕೂತ ಹದ್ದುಗಳು ಕಾಯುವುದು ಅದಕ್ಕೇ.

ಶಿಕಾಗೊ ಕಡೆಯವರಿಗೆ ಇಲಿನಾಯ್ ನದಿಯ ಸ್ಟಾರ್ವ್ಡ್ ರಾಕ್ ಲಾಕ್ ಅಂಡ್ ಡ್ಯಾಮ್ (ದೋಣಿ ದಾಟಿಸುವ ಬಾಗಿಲಿರುವ ಅಣೆಕಟ್ಟು) ಹತ್ತಿರ. ಮಿಸಿಸಿಪ್ಪಿಯ ಮೇಲೆ ಅಯೋವಾದ ಲಾಕ್ ಅಂಡ್ ಡ್ಯಾಮ್ 14 ಹೆಸರುವಾಸಿ. ಮಿನ್ನೆಸೋಟಾದ ವಬಾಶಾದಲ್ಲಿ ನದಿ ಪೂರ್ತಿ ಹೆಪ್ಪುಗಟ್ಟದೆ ಇರುವ ಜಾಗವಿದೆ, ನ್ಯಾಷನಲ್ ಈಗಲ್ ಸೆಂಟರ್ ಕೂಡ ಅಲ್ಲೇ ಇದೆ.

ನನ್ನ ಮೆಚ್ಚಿನ ಜಾಗ ಮಾತ್ರ ಬೇರೆ. ಸಿಯಾಟಲಿನಿಂದ ದೋಣಿ ದಾಟಿ ಹೋದರೆ ಹುಡ್ ಕೆನಾಲ್ ದಂಡೆಯಲ್ಲಿ ಸೀಬೆಕ್ ಎಂಬ ಸಣ್ಣ ಊರು. ಮೇ, ಜೂನ್ ತಿಂಗಳಲ್ಲಿ ಅಲ್ಲಿ ಸಮುದ್ರ ತುಂಬಾ ಇಳಿದಾಗ ಕಲ್ಲುಗಳು ಹೊರಗೆ ಕಾಣುತ್ತವೆ. ಆ ಕಲ್ಲುಗಳ ಅಡಿಯಲ್ಲಿ ಮಿಡ್‌ಶಿಪ್‌ಮನ್ ಎಂಬ ಮೀನು ಗೂಡು ಮಾಡಿರುತ್ತದೆ. ನೀರು ಇಳಿದು ಅಂಗೈಯಷ್ಟು ಆಳಕ್ಕೆ ಬಂದಾಗ ಹದ್ದುಗಳು ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡ ನೀಲಿ ಬಕಗಳೂ ಅದೇ ಮೀನಿಗೆ ನಿಂತಿರುತ್ತವೆ. ಬಕ ಮೀನು ಹಿಡಿಯುವುದೇ ತಡ, ಹದ್ದು ಮೇಲೆ ಬಿದ್ದು ಕಸಿಯಲು ನೋಡುತ್ತದೆ. ಒಂದೇ ಬೆಳಗಿನಲ್ಲಿ ಬೇಟೆ, ಕಳ್ಳತನ, ಜಗಳ ಮೂರೂ ಸಿಗುವ ಜಾಗ ಇದು. ಹೊರಡುವ ಮುನ್ನ ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ನೀರು ತುಂಬಿದ್ದಾಗ ಹೋದರೆ ಸುಮ್ನೆ ಕಡಲು ನೋಡಿ ಬರಬೇಕಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಕಾನೊವಿಂಗೊಗೆ ನವೆಂಬರ್. ಮಿಸಿಸಿಪ್ಪಿ, ಇಲಿನಾಯ್ ನದಿಗಳಿಗೆ ಜನವರಿ, ಫೆಬ್ರವರಿ. ಚಳಿ ಜೋರಾದಷ್ಟೂ ಒಳ್ಳೆಯದು. ಕೆರೆ, ನದಿಗಳೆಲ್ಲ ಹೆಪ್ಪುಗಟ್ಟಿದಾಗ ಅಣೆಕಟ್ಟಿನ ಕೆಳಗಿನ ಹರಿಯುವ ನೀರು ಮಾತ್ರ ತೆರೆದಿರುತ್ತದೆ. ಸುತ್ತಲಿನ ಹದ್ದುಗಳೆಲ್ಲ ಅಲ್ಲಿಗೇ ಬರಬೇಕು. ಚಳಿಗಾಲ ಬೆಚ್ಚಗಿದ್ದರೆ ಅವು ಅಲ್ಲಿ ಇಲ್ಲಿ ಹಂಚಿಹೋಗಿರುತ್ತವೆ.

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಕು ಹರಿದ ಮೊದಲ ಎರಡು ಮೂರು ಗಂಟೆ ಒಳ್ಳೆಯ ಹೊತ್ತು. ಆದರೆ ಅಣೆಕಟ್ಟಿನ ಬಳಿ ಸೂರ್ಯನಿಗಿಂತ ಟರ್ಬೈನ್ ಮುಖ್ಯ. ಕಾನೊವಿಂಗೊದಲ್ಲಿ ನೀರು ಬಿಡುವ ಮುನ್ನ ಸೈರನ್ ಕೂಗುತ್ತದೆ. ಅಲ್ಲಿ ಕೂತವರೆಲ್ಲ ಆಗ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಹದ್ದುಗಳಿಗೂ ಆ ಹೊತ್ತು ಗೊತ್ತಾಗುತ್ತದೆ ಅನ್ನಿಸುತ್ತದೆ. ಸೈರನ್ ಕೂಗಿದಾಗ ಬಂಡೆಗಳ ಮೇಲೆ ನಿಂತವರು ತಕ್ಷಣ ಮೇಲೆ ಬರಬೇಕು, ನೀರು ಬೇಗ ಏರುತ್ತದೆ.

ಹದ್ದು ನಿಜಕ್ಕೂ ಹೇಗೆ ಬೇಟೆ ಆಡುತ್ತದೆ? ನೀರಿನೊಳಗೆ ಧುಮುಕುತ್ತದೆಯೇ?

ಇಲ್ಲ. ಧುಮುಕುವುದು ಆಸ್ಪ್ರೇ ಎಂಬ ಮೀನು ಹಿಡಿಯುವ ಇನ್ನೊಂದು ಹಕ್ಕಿ. ಅದು ಮೇಲಿನಿಂದ ಕಾಲು ಮುಂದೆ ಮಾಡಿ ನೀರಿಗೆ ಬಿದ್ದು, ಅರ್ಧ ಮುಳುಗಿ ಎದ್ದು ಬರುತ್ತದೆ. ಬಾಲ್ಡ್ ಈಗಲ್ ಮೈ ನೆನೆಸಿಕೊಳ್ಳಲು ಒಪ್ಪುವ ಹಕ್ಕಿ ಅಲ್ಲ. ಕೂತಲ್ಲಿಂದ ಇಳಿಜಾರಾಗಿ ಜಾರಿಕೊಂಡು ಬರುತ್ತದೆ. ನೀರಿಗೆ ಹತ್ತಿರ ಬಂದಾಗ ರೆಕ್ಕೆ ಬಡಿತ ನಿಲ್ಲುತ್ತದೆ. ಕೊನೆಯ ಕ್ಷಣದಲ್ಲಿ ಎರಡೂ ಕಾಲು ಮುಂದಕ್ಕೆ ಬರುತ್ತವೆ. ಮೀನು ಸಿಗುವುದು ನೀರಿನ ಮೇಲ್ಪದರದ ಒಂದಡಿಯೊಳಗೆ ಮಾತ್ರ. ಉಗುರು ನೀರನ್ನು ಸೀಳಿದ ಕಡೆ ಉದ್ದಕ್ಕೆ ಒಂದು ಗೆರೆ ಏಳುತ್ತದೆ. ಕಾಲು ಹಿಂದಕ್ಕೆ ಹೋಗುತ್ತದೆ, ರೆಕ್ಕೆ ಎರಡು ಸಲ ಜೋರಾಗಿ ಬಡಿಯುತ್ತದೆ, ಅಷ್ಟೇ. ಮಾತಾಡುತ್ತಾ ಪಕ್ಕಕ್ಕೆ ತಿರುಗಿದರೆ ತಪ್ಪಿಹೋಗುವಷ್ಟು ಚಿಕ್ಕ ಕೆಲಸ.

ಪಾದವನ್ನು ಹತ್ತಿರದಿಂದ ನೋಡಿದವರಿಗೆ ಇದರ ಗುಟ್ಟು ತಿಳಿಯುತ್ತದೆ. ಬೆರಳುಗಳ ಅಡಿಯಲ್ಲಿ ಒರಟಾದ ಸಣ್ಣ ಮುಳ್ಳಿನಂಥ ಉಬ್ಬುಗಳಿವೆ, ಜಾರುವ ಮೀನು ಅಲ್ಲಿ ಜಾರುವುದಿಲ್ಲ. ಹಿಂದಿನ ಬೆರಳಿನ ಉಗುರು ಉಳಿದವಕ್ಕಿಂತ ದಪ್ಪ. ಮೀನಿನ ಮೈಯನ್ನು ಚುಚ್ಚುವುದು ಅದೇ. ಕಾಲಿನ ಕೆಳಭಾಗದಲ್ಲಿ ಗರಿ ಇಲ್ಲ. ಮೀನು ಹಿಡಿಯುವ ಹಕ್ಕಿಗೆ ಒದ್ದೆ ಗರಿಯ ಭಾರ ಯಾಕೆ, ಅಲ್ವಾ?

ಕಣ್ಣಿನ ವಿಷಯ ಎಲ್ಲರಿಗೂ ಗೊತ್ತು. ನಮ್ಮ ಕಣ್ಣಿನಲ್ಲಿ ಅತಿ ಚುರುಕಾಗಿ ನೋಡುವ ಜಾಗ ಒಂದೇ, ಇದಕ್ಕೆ ಒಂದೊಂದು ಕಣ್ಣಿನಲ್ಲೂ ಎರಡೆರಡು. ಒಂದು ಮುಂದಕ್ಕೆ, ಒಂದು ಪಕ್ಕಕ್ಕೆ. ಹಾಗಾಗಿ ಹದ್ದು ಓರೆಗಣ್ಣಿನಲ್ಲಿ ನಿಮ್ಮನ್ನು ನೋಡುತ್ತಿದೆ ಅನ್ನಿಸಿದರೆ ಅದು ನಿಜಕ್ಕೂ ನೋಡುತ್ತಿರುತ್ತದೆ.

ಎರಗುವ ಮುನ್ನ ಗೊತ್ತಾಗುವುದು ಹೇಗೆ?

ಇದು ಒಳ್ಳೆಯ ಪ್ರಶ್ನೆ. ಹದ್ದು ಹಗಲಿನ ಬಹುಪಾಲು ಸುಮ್ಮನೆ ಕೂತಿರುತ್ತದೆ. ಚಳಿಯಲ್ಲಿ ಶಕ್ತಿ ಉಳಿಸುವುದೇ ಅದರ ಜಾಣತನ. ಕೂತ ಹಕ್ಕಿಯನ್ನೇ ಗಂಟೆಗಟ್ಟಲೆ ದಿಟ್ಟಿಸಿದರೆ ನಿಮಗೆ ಕುತ್ತಿಗೆ ನೋವು ಬರುತ್ತದೆ. ಅದರ ಬದಲು ಕೆಲವು ಗುರುತು ಹಿಡಿದಿಟ್ಟುಕೊಳ್ಳಿ.

ಆರಾಮಾಗಿ ಕೂತ ಹದ್ದು ಗರಿ ಉಬ್ಬಿಸಿಕೊಂಡು ದಪ್ಪ ಕಾಣುತ್ತದೆ, ಎಷ್ಟೋ ಸಲ ಒಂದೇ ಕಾಲಲ್ಲಿ ನಿಂತಿರುತ್ತದೆ. ಮನಸ್ಸು ಮಾಡಿದ ಹದ್ದಿನ ಗರಿ ಮೈಗೆ ಅಂಟುತ್ತದೆ, ಹಕ್ಕಿ ಇದ್ದಕ್ಕಿದ್ದಂತೆ ತೆಳ್ಳಗಾಗುತ್ತದೆ. ಎರಡನೇ ಕಾಲು ಕೆಳಗೆ ಬರುತ್ತದೆ. ತಲೆ ಮೇಲೆ ಕೆಳಗೆ ಆಡುತ್ತದೆ, ದೂರ ಅಳೆಯುವುದಕ್ಕೆ. ಮೈ ಮುಂದಕ್ಕೆ ಬಾಗುತ್ತದೆ. ಆಮೇಲೆ ಬಾಲ ಎತ್ತಿ ಬಿಳಿಯ ಹಿಕ್ಕೆಯನ್ನು ದೂರಕ್ಕೆ ಚಿಮ್ಮಿಸಿತೋ, ಕ್ಯಾಮೆರಾ ಕಣ್ಣಿಗೆ ಏರಿಸಿ. ಹಾರುವ ಮುನ್ನ ಹಗುರಾಗುವುದು ದೊಡ್ಡ ಹಕ್ಕಿಗಳ ಅಭ್ಯಾಸ. ಫೋಟೊ ತೆಗೆಯುವವರೆಲ್ಲ ನಂಬುವ ಸೂಚನೆ ಇದೊಂದೇ.

ನೀರಿನ ಕಡೆಗೂ ಒಂದು ಕಣ್ಣಿರಲಿ. ಗಲ್ ಎಂಬ ಕಡಲ ಹಕ್ಕಿಗಳು ಒಂದೇ ಕಡೆ ಗುಂಪಾಗಿ ಎರಗಲು ಶುರು ಮಾಡಿದರೆ ಅಲ್ಲಿ ಮೀನು ಮೇಲೆ ಬಂದಿದೆ ಎಂದು ಅರ್ಥ. ಅದನ್ನು ನೀವು ನೋಡುವುದಕ್ಕೆ ಮೊದಲೇ ಹದ್ದು ನೋಡಿರುತ್ತದೆ. ಇನ್ನು ಬಾತುಗಳ ಹಿಂಡು ಕಾರಣವಿಲ್ಲದೆ ಒಟ್ಟಿಗೆ ಎದ್ದರೆ ತಲೆ ಎತ್ತಿ ಮೇಲೆ ನೋಡಿ.

ಮೀನು ಬಿಟ್ಟು ಬೇರೆ ಏನನ್ನು ಹಿಡಿಯುತ್ತದೆ?

ಬಾತು, ಗಲ್, ಆಮೆ, ಮೊಲ, ಮಸ್ಕ್‌ರ್ಯಾಟ್ ಎಂಬ ನೀರಿನ ಇಲಿ, ಸತ್ತ ಜಿಂಕೆ, ಸಿಕ್ಕಿದ್ದೆಲ್ಲ. ಆದರೆ ಬೇಟೆಯಾಗಿ ನೋಡಲು ಎಲ್ಲಕ್ಕಿಂತ ಸ್ವಾರಸ್ಯವಾಗಿರುವುದು ಕೂಟ್ ಹಿಂಡಿನ ಮೇಲಿನ ದಾಳಿ. ಕೂಟ್ ಎಂದರೆ ನಮ್ಮ ಕೆರೆಗಳಲ್ಲಿ ಕಾಣುವ ನಾಮದ ಕೋಳಿಯ ಅಮೆರಿಕದ ನೆಂಟ. ಕರಿ ಮೈ, ಬಿಳಿ ಕೊಕ್ಕು.

ಹದ್ದು ತಲೆಯ ಮೇಲೆ ಬಂದ ತಕ್ಷಣ ಕೆರೆಯ ತುಂಬಾ ಹರಡಿದ್ದ ಕೂಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಗುಂಪಾಗುತ್ತವೆ. ಗುಂಪಿನೊಳಗೆ ಯಾವುದನ್ನು ಹಿಡಿಯುವುದು ಎಂದು ಹದ್ದಿಗೆ ತೋಚುವುದಿಲ್ಲ. ಅದು ಕೆಳಗಿಳಿದು ಹಾದುಹೋಗುತ್ತದೆ. ಕೂಟ್‌ಗಳು ಕಾಲಿನಿಂದ ನೀರು ಚಿಮ್ಮಿಸುತ್ತಾ ಇನ್ನಷ್ಟು ಒತ್ತಾಗುತ್ತವೆ. ಹದ್ದು ತಿರುಗಿ ಮತ್ತೆ ಬರುತ್ತದೆ. ಹೀಗೇ ಹತ್ತಾರು ಸುತ್ತು. ಯಾವುದೋ ಒಂದು ಕೂಟ್ ಗಾಬರಿಯಿಂದ ಅಂಚಿಗೆ ಸರಿಯಿತೋ, ಆಟ ಬದಲಾಗುತ್ತದೆ. ಹದ್ದು ಅದೊಂದರ ಬೆನ್ನಿಗೇ ಬೀಳುತ್ತದೆ. ಕೂಟ್ ಮುಳುಗುತ್ತದೆ. ಹದ್ದು ಮೇಲೆಯೇ ಕಾದು, ಅದು ತಲೆ ಎತ್ತಿದ ಕಡೆಗೆ ಬೀಳುತ್ತದೆ. ಮತ್ತೆ ಮುಳುಗು, ಮತ್ತೆ ಏಳು. ಒಂದೊಂದು ಸಲವೂ ಕೂಟ್ ನೀರೊಳಗಿರುವ ಹೊತ್ತು ಕಡಿಮೆಯಾಗುತ್ತದೆ. ಉಸಿರು ಸಾಲದೆ ಅದು ಸೋಲುವವರೆಗೂ ಇದು ನಡೆಯುತ್ತದೆ. ಕೆಲವೊಮ್ಮೆ ಗಂಡು ಹೆಣ್ಣು ಜೋಡಿಯಾಗಿ ಸರದಿಯಂತೆ ಬೀಳುವುದೂ ಉಂಟು. ಹದ್ದೇ ದಣಿದು ಮರಕ್ಕೆ ವಾಪಸ್ ಹೋಗುವುದೂ ಉಂಟು, ನೋಡುವವರಲ್ಲಿ ಅರ್ಧ ಜನ ಆಗ ಕೂಟ್‌ಗೆ ಚಪ್ಪಾಳೆ ತಟ್ಟುತ್ತಾರೆ.

ಹಿಮ ಹೆಬ್ಬಾತುಗಳ ಮೇಲಿನ ದಾಳಿ ನೋಡಬೇಕೆಂದರೆ ಮಿಸೌರಿಯ ಲೋಯೆಸ್ ಬ್ಲಫ್ಸ್ ವನ್ಯಜೀವಿ ಧಾಮಕ್ಕೆ ಶರತ್ಕಾಲದ ಕೊನೆಗೆ ಹೋಗಿ. ಅಲ್ಲಿ ಲಕ್ಷಗಟ್ಟಲೆ ಹೆಬ್ಬಾತು ಇಳಿದಿರುತ್ತವೆ. ಹದ್ದು ಸುಮ್ಮನೆ ಮೇಲೆ ಹಾರುತ್ತದೆ, ಇಡೀ ಹಿಂಡು ಎದ್ದುಬಿಡುತ್ತದೆ. ಏಳಲಾಗದೆ ಹಿಂದೆ ಉಳಿದದ್ದು ಯಾವುದು ಎಂದು ಹದ್ದು ನೋಡುತ್ತದೆ. ಗಾಯಗೊಂಡದ್ದು, ಕಾಯಿಲೆಯದ್ದು ಹಾಗೆ ಗೊತ್ತಾಗುತ್ತದೆ. ಧಾಮದ ಸುತ್ತ ಕಾರಿನಲ್ಲೇ ಸುತ್ತುವ ದಾರಿ ಇದೆ. ಕಾರಿನಿಂದ ಇಳಿಯದೆ ನೋಡಿದರೆ ಹಕ್ಕಿಗಳು ಜಾಸ್ತಿ ಹೆದರುವುದಿಲ್ಲ.

ಕದಿಯುತ್ತದೆ ಎಂದಿರಲ್ಲ, ಅದೇನು?

ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಇದನ್ನೇ ದೂರಿದ್ದ. ನಿಯತ್ತಾಗಿ ದುಡಿದು ತಿನ್ನುವ ಹಕ್ಕಿ ಇದಲ್ಲ, ಒಣಮರದ ಮೇಲೆ ಕೂತು ಇನ್ನೊಂದು ಹಕ್ಕಿ ಮೀನು ಹಿಡಿಯುವುದನ್ನು ಕಾದು ಕಸಿದುಕೊಳ್ಳುತ್ತದೆ ಎಂದು. ಅದಕ್ಕೆ ಎರಡು ವರ್ಷ ಮೊದಲು, 1782ರಲ್ಲಿ, ಇದೇ ಹಕ್ಕಿ ದೇಶದ ಮುದ್ರೆಗೆ ಏರಿತ್ತು. ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಆಗಿದ್ದು ಮಾತ್ರ 2024ರ ಡಿಸೆಂಬರಿನಲ್ಲಿ.

ಫ್ರಾಂಕ್ಲಿನ್ ಹೇಳಿದ್ದು ಸುಳ್ಳಲ್ಲ. ಚೆಸಾಪೀಕ್ ಕೊಲ್ಲಿಯಲ್ಲಿ ವಸಂತದಿಂದ ಬೇಸಿಗೆಯವರೆಗೆ ಆಸ್ಪ್ರೇಗಳು ಇರುತ್ತವೆ. ಆಗ ನೋಡಿ. ಆಸ್ಪ್ರೇ ಮೀನು ಹಿಡಿದು ಭಾರ ಹೊತ್ತು ನಿಧಾನಕ್ಕೆ ಏರುತ್ತಿರುತ್ತದೆ. ಹದ್ದು ಅದಕ್ಕಿಂತ ಎತ್ತರಕ್ಕೆ ಹೋಗಿ ಬೆನ್ನ ಮೇಲೆ ಬೀಳುತ್ತದೆ. ಆಸ್ಪ್ರೇ ತಿರುಚಿ ತಪ್ಪಿಸಿಕೊಳ್ಳುತ್ತದೆ, ಹದ್ದು ಮತ್ತೆ ಬೀಳುತ್ತದೆ. ಕೊನೆಗೆ ಆಸ್ಪ್ರೇ ಮೀನು ಬಿಟ್ಟುಬಿಡುತ್ತದೆ. ಬೀಳುತ್ತಿರುವ ಮೀನನ್ನು ಹದ್ದು ನೀರು ಮುಟ್ಟುವ ಮೊದಲೇ ಗಾಳಿಯಲ್ಲಿ ಹಿಡಿಯುತ್ತದೆ. ಆ ಹಿಡಿತ ನೋಡಿದವರು ಕಳ್ಳ ಎಂದು ಬೈಯುವುದನ್ನು ಒಂದು ನಿಮಿಷ ಮರೆತುಬಿಡುತ್ತಾರೆ.

ಚಳಿಗಾಲದಲ್ಲಿ ಆಸ್ಪ್ರೇ ದಕ್ಷಿಣಕ್ಕೆ ಹೋಗಿರುತ್ತದೆ, ಹಾಗಾಗಿ ಹದ್ದುಗಳು ತಮ್ಮತಮ್ಮಲ್ಲೇ ಕಿತ್ತಾಡುತ್ತವೆ. ಕಾನೊವಿಂಗೊದಲ್ಲಿ ಒಂದು ಹದ್ದು ಮೀನು ಎತ್ತಿದರೆ ಹಿಂದೆ ಎರಡು ಮೂರು ಅಟ್ಟಿಸಿಕೊಂಡು ಬರುತ್ತವೆ. ಚಿಕ್ಕ ಮೀನಾದರೆ ಹಾರುತ್ತಲೇ ತಲೆ ಬಗ್ಗಿಸಿ, ಕಾಲು ಮುಂದೆ ತಂದು ತಿಂದು ಮುಗಿಸಿಬಿಡುತ್ತದೆ. ಹೊಟ್ಟೆಗೆ ಹೋದದ್ದನ್ನು ಯಾರೂ ಕಸಿಯಲಾರರು.

ನನ್ನ ಅಭಿಪ್ರಾಯ ಕೇಳಿದರೆ, ನೇರ ಬೇಟೆಗಿಂತ ಈ ಕಿತ್ತಾಟವೇ ನೋಡಲು ಚೆಂದ. ಬೇಟೆ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ, ಜಗಳ ನದಿ ದಾಟಿ ಆಚೆ ದಡದವರೆಗೂ ನಡೆಯುತ್ತದೆ.

ತಲೆ ಬೆಳ್ಳಗಿಲ್ಲ, ಮೈ ಪೂರ್ತಿ ಕಂದು. ಇದು ಬೇರೆ ಹದ್ದೇ?

ಬಹುಶಃ ಮರಿ ಬಾಲ್ಡ್ ಈಗಲ್. ಬಿಳಿ ತಲೆ, ಬಿಳಿ ಬಾಲ ಬರಲು ನಾಲ್ಕರಿಂದ ಐದು ವರ್ಷ ಬೇಕು. ಅಲ್ಲಿಯವರೆಗೆ ಕಂದು ಮೈ, ಅಲ್ಲಲ್ಲಿ ಬಿಳಿ ಚುಕ್ಕೆ. ಕಪ್ಪಗಿದ್ದ ಕೊಕ್ಕು, ಕಂದು ಬಣ್ಣದ ಕಣ್ಣು ನಿಧಾನಕ್ಕೆ ಹಳದಿಯಾಗುತ್ತವೆ. ಮರಿಗಳು ಎರಗುವುದನ್ನೂ ನೋಡಿ. ತೇಲುವ ಕೊಂಬೆಯನ್ನು ಮೀನೆಂದು ಹಿಡಿಯುತ್ತವೆ, ಎರಡಡಿ ಮುಂದೆ ಕಾಲು ಹಾಕುತ್ತವೆ. ಕಲಿಯಲು ಕಾಲ ಬೇಕು.

ದೂರದಲ್ಲಿ ಹಾರುವುದು ಹದ್ದೋ, ಟರ್ಕಿ ವಲ್ಚರ್ ಎಂಬ ರಣಹದ್ದೋ ಎಂಬ ಅನುಮಾನವಿದ್ದರೆ ರೆಕ್ಕೆ ನೋಡಿ. ಈಗಲ್ ರೆಕ್ಕೆ ಹಲಗೆಯ ಹಾಗೆ ನೆಟ್ಟಗೆ ಚಾಚಿರುತ್ತದೆ. ಟರ್ಕಿ ವಲ್ಚರ್ ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ ಅತ್ತಿತ್ತ ವಾಲಾಡುತ್ತದೆ. ಗಾತ್ರದಲ್ಲಿ ಹೆಣ್ಣು ಹದ್ದು ಗಂಡಿಗಿಂತ ದೊಡ್ಡದು, ಸುಮಾರು ಕಾಲುಭಾಗ ತೂಕ ಜಾಸ್ತಿ.

ಎಷ್ಟು ಭಾರ ಎತ್ತಬಲ್ಲದು? ಮೀನು ಹದ್ದನ್ನೇ ಮುಳುಗಿಸುತ್ತದೆ ಎನ್ನುತ್ತಾರಲ್ಲ?

ಹಕ್ಕಿಯ ತೂಕವೇ 3ರಿಂದ 6 ಕಿಲೋ. ರೆಕ್ಕೆಯ ಅಗಲ 2 ಮೀಟರ್ ಆಸುಪಾಸು ಇದ್ದರೂ ಸಾಮಾನ್ಯವಾಗಿ 2 ಕಿಲೋ ಹತ್ತಿರದ ಮೀನು ಎತ್ತಿಕೊಂಡು ಹಾರುವುದೇ ಹೆಚ್ಚು. ಅದಕ್ಕಿಂತ ಭಾರದ್ದು ಸಿಕ್ಕರೆ ಹದ್ದು ಈಜುತ್ತದೆ. ಹೌದು, ಈಜುತ್ತದೆ! ನೀರಿನ ಮೇಲೆ ಕೂತು, ಎರಡೂ ರೆಕ್ಕೆಗಳನ್ನು ಒಟ್ಟಿಗೆ ಎತ್ತಿ ಎತ್ತಿ ಹುಟ್ಟು ಹಾಕುತ್ತಾ ದಡಕ್ಕೆ ಬರುತ್ತದೆ. ಮೀನು ಕಾಲಿನಲ್ಲಿ ಹಾಗೇ ಇರುತ್ತದೆ. ಇದನ್ನು ನೋಡಿ ಎಷ್ಟೋ ಜನ ಹಕ್ಕಿ ಮುಳುಗುತ್ತಿದೆ ಎಂದು ಗಾಬರಿಯಾಗುತ್ತಾರೆ. ಉಗುರು ಬಿಗಿಯಾಗಿ ಸಿಕ್ಕಿಕೊಂಡರೆ ಬಿಡಿಸಲು ಆಗುವುದಿಲ್ಲ ಎಂಬುದು ಕಟ್ಟುಕತೆ. ಬಿಡಬಹುದು, ಬಿಡಲು ಮನಸ್ಸಿರುವುದಿಲ್ಲ ಅಷ್ಟೇ. ಆದರೆ ತೀರಾ ಕೊರೆಯುವ ನೀರಿನಲ್ಲಿ ದಡ ದೂರವಿದ್ದರೆ ಹಕ್ಕಿ ಸೋತು ಸಾಯುವುದೂ ಇದೆ.

ಚಿಕ್ಕ ಮಗುವನ್ನು ಎತ್ತಿಕೊಂಡು ಹೋಗುತ್ತದೆಯೇ?

ಇಲ್ಲ. ಮೇಲಿನ ಉತ್ತರ ಓದಿ.

ಅಮ್ಮ ಅಪ್ಪಟ ಸಸ್ಯಾಹಾರಿ, ಬೇಟೆ ನೋಡಿ ಬೇಜಾರಾಗುವುದಿಲ್ಲವೇ?

ಮೀನು ಹಿಡಿಯುವುದು ದೂರದಲ್ಲಿ ಒಂದು ಕ್ಷಣ ನಡೆದು ಮುಗಿಯುತ್ತದೆ, ಯಾರಿಗೂ ಅಷ್ಟು ತೊಂದರೆ ಅನ್ನಿಸುವುದಿಲ್ಲ. ಕೂಟ್ ಬೇಟೆ ಹಾಗಲ್ಲ, ಅದು ಎಳೆದಾಡುತ್ತದೆ. ಬಾತು ಹಿಡಿದ ಹದ್ದು ಅದನ್ನು ಹಿಮದ ಮೇಲೆ ಇಟ್ಟುಕೊಂಡು ಗರಿ ಕೀಳುತ್ತಾ ತಿನ್ನುತ್ತದೆ. ಬೈನಾಕ್ಯುಲರ್ಸ್‌ನಲ್ಲಿ ಎಲ್ಲ ಕಾಣುತ್ತದೆ. ಪುಟ್ಟ ಮಕ್ಕಳನ್ನೂ ಅಮ್ಮನನ್ನೂ ಮೊದಲ ಸಲ ಅಣೆಕಟ್ಟಿಗೇ ಕರೆದುಕೊಂಡು ಹೋಗಿ. ಬೆಚ್ಚಗಿನ ಟೋಪಿ, ಎರಡು ಜೊತೆ ಕಾಲುಚೀಲ, ಮಡಚುವ ಕುರ್ಚಿ, ಫ್ಲಾಸ್ಕ್ ತುಂಬಾ ಕಾಫಿ ಮರೆಯಬೇಡಿ. ನದಿಯ ಗಾಳಿಯಲ್ಲಿ ಕೂತು ಕಾಯುವ ಚಳಿ ನಡೆದಾಡುವಾಗಿನ ಚಳಿಗಿಂತ ಬೇರೆ.

ಸಿನಿಮಾದಲ್ಲಿ ಕೇಳುವ ಆ ಕೂಗು ಯಾಕೆ ಕೇಳಿಸಲಿಲ್ಲ?

ಅದು ರೆಡ್ ಟೇಲ್ಡ್ ಹಾಕ್ ಎಂಬ ಗಿಡುಗದ ಕೂಗು. ಬಾಲ್ಡ್ ಈಗಲ್ ಧ್ವನಿ ಕೀಚಲು. ಇಷ್ಟು ದೊಡ್ಡ ಹಕ್ಕಿಯಿಂದ ಇಷ್ಟು ಚಿಕ್ಕ ದನಿ ಬಂದರೆ ಸಿನಿಮಾದವರು ಏನು ಮಾಡಬೇಕು, ಪಾಪ.

ಬೈನಾಕ್ಯುಲರ್ಸ್, ಕ್ಯಾಮೆರಾ ಯಾವುದು ಬೇಕು?

ಬೈನಾಕ್ಯುಲರ್ಸ್ ಎಂಟು ಪಟ್ಟಿನದ್ದು ಸಾಕು, 8x42 ಎಂದು ಬರೆದಿರುತ್ತದೆ. ಜಾಸ್ತಿ ಪಟ್ಟಿನದ್ದು ಕೈ ನಡುಗಿದರೆ ಪ್ರಯೋಜನವಿಲ್ಲ. ಫೋಟೊಗೆ 400ರಿಂದ 600 ಎಂಎಂ ಲೆನ್ಸ್, ಶಟರ್ ಸೆಕೆಂಡಿನ 1/2000 ಅಥವಾ ಅದಕ್ಕಿಂತ ವೇಗ. ದಟ್ಟ ಕಂದು ಮೈ, ಅಚ್ಚ ಬಿಳಿ ತಲೆ ಒಂದೇ ಚಿತ್ರದಲ್ಲಿ ಬರಬೇಕಲ್ಲ, ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ ಮೋಸ ಹೋಗಿ ತಲೆಯನ್ನು ಸುಟ್ಟುಬಿಡುತ್ತದೆ, ಅಂದರೆ ಗರಿ ಕಾಣದಷ್ಟು ಬೆಳ್ಳಗೆ ಮಾಡುತ್ತದೆ. ಬೆಳಕನ್ನು ಸ್ವಲ್ಪ ಇಳಿಸಿ, ತಲೆಯ ಗರಿ ಕಾಣುವ ಹಾಗೆ ತೆಗೆಯಿರಿ. ಮೈ ಕಪ್ಪಾದರೆ ಆಮೇಲೆ ಸರಿ ಮಾಡಿಕೊಳ್ಳಬಹುದು, ಸುಟ್ಟ ಬಿಳಿಯನ್ನು ಸರಿ ಮಾಡಲಾಗದು.

ಮೊದಲ ದಿನ ಕ್ಯಾಮೆರಾ ಕಾರಿನಲ್ಲೇ ಬಿಡಿ ಎನ್ನುವುದು ನನ್ನ ಸಲಹೆ. ಯಾರೂ ಕೇಳುವುದಿಲ್ಲ.

ಕಾನೊವಿಂಗೊದಲ್ಲಿ ಕಾರುಗಳಿಗೆ ಟಾರ್ಪಾಲ್ ಹೊದಿಸಿರುತ್ತಾರಂತೆ, ಯಾಕೆ?

ರಣಹದ್ದುಗಳಿಗೆ. ಅಲ್ಲಿ ಪಾರ್ಕಿಂಗ್ ಜಾಗದಲ್ಲಿ ಬ್ಲ್ಯಾಕ್ ವಲ್ಚರ್‌ಗಳ ಗುಂಪಿದೆ. ಅವಕ್ಕೆ ರಬ್ಬರ್ ಕೀಳುವ ಚಟ. ವೈಪರ್, ಕಿಟಕಿಯ ಸುತ್ತಲಿನ ರಬ್ಬರ್ ಪಟ್ಟಿ, ಯಾವುದನ್ನೂ ಬಿಡುವುದಿಲ್ಲ. ಬಾಡಿಗೆ ಕಾರಿನಲ್ಲಿ ಹೋಗುವವರು ಒಂದು ಹಳೆಯ ಬೆಡ್‌ಶೀಟ್, ನಾಲ್ಕು ಹಗ್ಗ ಒಯ್ಯಿರಿ.

ಒಂದು ಮೀನು ಎಸೆದರೆ ಹತ್ತಿರ ಬರುವುದಿಲ್ಲವೇ?

ಬರುತ್ತದೆ. ಅದಕ್ಕೇ ಎಸೆಯಬೇಡಿ. ಅಲಾಸ್ಕಾದ ಹೋಮರ್‌ನಲ್ಲಿ ವರ್ಷಗಟ್ಟಲೆ ಹದ್ದುಗಳಿಗೆ ಮೀನು ಹಾಕುವ ರೂಢಿ ಇತ್ತು, ಫೋಟೊ ತೆಗೆಯುವವರು ಅಲ್ಲಿಗೆ ದಂಡು ಕಟ್ಟಿಕೊಂಡು ಹೋಗುತ್ತಿದ್ದರು. 2006ರಲ್ಲಿ ನಗರಸಭೆ ಅದನ್ನು ನಿಷೇಧಿಸಿತು. ಒಂದೇ ಜಾಗದಲ್ಲಿ ಕಿಕ್ಕಿರಿದ ಹಕ್ಕಿಗಳಲ್ಲಿ ರೋಗ ಹರಡುತ್ತದೆ, ಜನರ ಹೆದರಿಕೆ ಹೋಗುತ್ತದೆ, ರಸ್ತೆ ಮತ್ತು ವಿದ್ಯುತ್ ತಂತಿಗೆ ಸಿಕ್ಕಿ ಸಾಯುತ್ತವೆ.

ಈಗಲೂ ಕೆಲವು ದೋಣಿ ಪ್ರವಾಸಗಳಲ್ಲಿ ಮೀನು ಎಸೆದು ಹದ್ದನ್ನು ಕರೆಯುತ್ತಾರೆ. ಮೀನು ತೇಲಲಿ ಎಂದು ಒಳಗೆ ಗಾಳಿ ತುಂಬುವುದೂ ಉಂಟು. ಹಣ ಕೊಡುವ ಮುನ್ನ ನೇರವಾಗಿ ಕೇಳಿ. ಹತ್ತಾರು ಫೋಟೊಗಳಲ್ಲಿ ಹದ್ದು ಒಂದೇ ದೂರದಲ್ಲಿ, ಕ್ಯಾಮೆರಾ ಕಡೆಗೇ ಮುಖ ಮಾಡಿ, ಮಿಸುಕದ ಮೀನನ್ನು ಎತ್ತುತ್ತಿದ್ದರೆ ಉತ್ತರ ಅಲ್ಲೇ ಇದೆ. ಅದನ್ನು ಬೇಟೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಉದುರಿದ ಗರಿ ಸಿಕ್ಕಿತು, ಮನೆಗೆ ತರಬಹುದೇ?

ಬೇಡ. ನವಿಲುಗರಿಯನ್ನು ಪುಸ್ತಕದೊಳಗೆ ಇಟ್ಟು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ 1940ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಹದ್ದಿನ ಗರಿ, ಉಗುರು, ಮೊಟ್ಟೆ, ಗೂಡಿನ ತುಂಡು, ಯಾವುದನ್ನೂ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ನೆಲದಲ್ಲಿ ಬಿದ್ದದ್ದಾದರೂ ಅಷ್ಟೇ. ಮೊದಲ ತಪ್ಪಿಗೇ 1 ಲಕ್ಷ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಆಗಬಹುದು. ವೀಸಾದ ಮೇಲಿರುವವರಿಗೆ ಇನ್ನೂ ಬಿಡಿಸಿ ಹೇಳಬೇಕಿಲ್ಲ. ಸತ್ತ ಹದ್ದುಗಳನ್ನೂ ಗರಿಗಳನ್ನೂ ಕೊಲೊರಾಡೊದ ನ್ಯಾಷನಲ್ ಈಗಲ್ ರೆಪಾಸಿಟರಿಯಲ್ಲಿ ಸೇರಿಸುತ್ತಾರೆ. ಅಲ್ಲಿಂದ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರಿಗೆ ಅವರ ಧಾರ್ಮಿಕ ಆಚರಣೆಗೆ ಕೊಡುತ್ತಾರೆ.

ಗೂಡಿಗೆ ಎಷ್ಟು ಹತ್ತಿರ ಹೋಗಬಹುದು?

ಮರಿ ಮಾಡುವ ಕಾಲದಲ್ಲಿ ಕನಿಷ್ಠ 100 ಮೀಟರ್ ದೂರ. ಡ್ರೋನ್ ಬೇಡವೇ ಬೇಡ. ಹಕ್ಕಿ ನಿಮ್ಮನ್ನೇ ನೋಡುತ್ತಾ ಕೂಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದವರಿಗೆ ಮಿಲ್ಪಿಟಾಸ್‌ನ ಒಂದು ಪ್ರಾಥಮಿಕ ಶಾಲೆಯ ರೆಡ್‌ವುಡ್ ಮರದ ಗೂಡು ಗೊತ್ತಿರುತ್ತದೆ. 2017ರಲ್ಲಿ ಊರ ನಡುವೆಯೇ ಜೋಡಿ ಬಂದು ಗೂಡು ಕಟ್ಟಿತು. ಅಂಥ ಕಡೆ ಪಾದಚಾರಿ ದಾರಿಯಿಂದಲೇ ಕಾಣುವಾಗ ಬೇಲಿ ಹಾರುವ ಅಗತ್ಯವಿಲ್ಲ.

ಇದು ಒಂದು ಕಾಲದಲ್ಲಿ ಅಳಿದೇ ಹೋಗುತ್ತಿತ್ತಂತೆ?

ಹೌದು. 1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ ಗೂಡು ಕಟ್ಟುವ ಜೋಡಿ 417 ಮಾತ್ರ. ಡಿಡಿಟಿ ಮೀನಿನಿಂದ ಹದ್ದಿನ ಮೈಗೆ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೂತ ತಾಯಿಯ ಅಡಿಯಲ್ಲೇ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಹದ್ದನ್ನು ಅಪಾಯದ ಪಟ್ಟಿಯಿಂದ ತೆಗೆದರು. 2018, 2019ರ ಗಣತಿಯ ಲೆಕ್ಕದಲ್ಲಿ ಅದೇ ಪ್ರದೇಶದಲ್ಲಿ 71,400ಕ್ಕೂ ಹೆಚ್ಚು ಜೋಡಿ, ಒಟ್ಟು ಸುಮಾರು 3,16,700 ಹಕ್ಕಿಗಳು.

ಅಲಾಸ್ಕಾದ ಕತೆ ಇನ್ನೂ ಕೆಟ್ಟದ್ದು. ಸಾಲ್ಮನ್ ತಿಂದು ಖಾಲಿ ಮಾಡುತ್ತವೆ ಎಂದು 1917ರಿಂದ 1953ರವರೆಗೆ ಹದ್ದು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿ ಸತ್ತವು. ಅವು ತಿನ್ನುತ್ತಿದ್ದದ್ದರಲ್ಲಿ ಹೆಚ್ಚಿನದು ಮೊಟ್ಟೆ ಇಟ್ಟು ಹೇಗೂ ಸಾಯಲಿದ್ದ ಮೀನು.

ಈಗ ಯಾವ ಅಪಾಯವೂ ಇಲ್ಲವೇ?

ಇದೆ, ಅದೂ ಊಟದಲ್ಲೇ. ಬೇಟೆಗಾರರು ಜಿಂಕೆ ಹೊಡೆದು ಕರುಳು ಕಾಡಲ್ಲೇ ಬಿಟ್ಟುಹೋಗುತ್ತಾರೆ. ಗುಂಡಿನ ಸೀಸದ ಚೂರು ಅದರಲ್ಲಿರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 38 ರಾಜ್ಯಗಳ 1,210 ಹದ್ದುಗಳನ್ನು, ಬಾಲ್ಡ್ ಮತ್ತು ಗೋಲ್ಡನ್ ಎರಡನ್ನೂ, ಪರೀಕ್ಷಿಸಿದ್ದರು. ಹತ್ತಿರ ಹತ್ತಿರ ಅರ್ಧದಷ್ಟು ಹಕ್ಕಿಗಳಲ್ಲಿ ದೀರ್ಘಕಾಲದ ಸೀಸದ ವಿಷ ಕಂಡಿತು.

ಇನ್ನೊಂದು ಕತೆ ಕೂಟ್‌ಗಳದ್ದು. 1994ರ ಚಳಿಗಾಲದಲ್ಲಿ ಅರ್ಕಾನ್ಸಾದ ಡಿಗ್ರೇ ಸರೋವರದ ಬಳಿ ಹದ್ದುಗಳು ಕಾರಣವಿಲ್ಲದೆ ಸಾಯತೊಡಗಿದವು. ಬಂಡೆಗೆ ಡಿಕ್ಕಿ ಹೊಡೆಯುತ್ತಿದ್ದವು, ಕೊಂಬೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಿದುಳಿಗೆ ಹಾನಿ ಆಗಿತ್ತು. ಕಾರಣ ಪೂರ್ತಿ ಬಿಡಿಸಿದ್ದು 2021ರಲ್ಲಿ. ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆಯ ಮೇಲೆ ಬೆಳೆಯುವ ಒಂದು ಸೂಕ್ಷ್ಮಜೀವಿ ವಿಷ ಮಾಡುತ್ತದೆ. ಕೂಟ್ ಆ ಗಿಡ ತಿಂದು ತೂರಾಡುತ್ತದೆ. ತೂರಾಡುವ ಕೂಟ್ ಹದ್ದಿಗೆ ಸುಲಭದ ತುತ್ತು. ಹೈಡ್ರಿಲ್ಲಾ ಅಮೆರಿಕದ ಗಿಡವಲ್ಲ, 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲೋರಿಡಾಕ್ಕೆ ಬಂದದ್ದು. ಅಲ್ಲಿ ಹರಡಿರುವ ಒಂದು ತಳಿ ವಂಶವಾಹಿಯಲ್ಲಿ ನಮ್ಮ ಬೆಂಗಳೂರಿನ ಕಡೆಯ ಗಿಡಕ್ಕೆ ಹತ್ತಿರ ಎಂದು ತಜ್ಞರು ಕಂಡುಕೊಂಡಿದ್ದಾರೆ. ಹಾಗಾಗಿ ಅಕ್ವೇರಿಯಂ ಖಾಲಿ ಮಾಡುವಾಗ ಗಿಡವನ್ನು ಕೆರೆಗೆ ಸುರಿಯಬೇಡಿ ಎನ್ನುವ ಬೋರ್ಡು ಕಂಡರೆ ನಗಬೇಡಿ.

ಊರಿಗೆ ಹೋದಾಗ ಇಂಥದ್ದು ನೋಡಬಹುದೇ?

ಬಾಲ್ಡ್ ಈಗಲ್ ಇರುವುದು ಉತ್ತರ ಅಮೆರಿಕದಲ್ಲಿ ಮಾತ್ರ. ಆದರೆ ಇದರ ಸಂಬಂಧಿ ಬಿಳಿ ಹೊಟ್ಟೆಯ ಕಡಲ ಹದ್ದು ನಮ್ಮ ಕರಾವಳಿಯಲ್ಲೇ ಇದೆ. ಕಾರವಾರದ ಕಡೆಯ ದ್ವೀಪಗಳಲ್ಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೋಡಬಹುದು. ಅದೂ ಹೀಗೇ ಇಳಿಜಾರಾಗಿ ಬಂದು ನೀರಿನ ಮೇಲ್ಪದರದಿಂದ ಎತ್ತುತ್ತದೆ. ಮೀನಿನ ಜೊತೆ ಸಮುದ್ರದ ಹಾವನ್ನೂ ಹಿಡಿಯುತ್ತದೆ. ಆಸ್ಪ್ರೇ ಚಳಿಗಾಲದಲ್ಲಿ ಕಬಿನಿ ಹಿನ್ನೀರಿಗೆ ಬರುತ್ತದೆ. ಮಲ್ಪೆ ಬಂದರಿನಲ್ಲಿ ಗರುಡಗಳು ಮೀನು ಕಸಿಯುವುದನ್ನು ನೋಡಿದವರಿಗೆ ಕಾನೊವಿಂಗೊ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ.

ಇಡೀ ದಿನ ಕೂತರೂ ಒಂದು ಬೇಟೆಯೂ ಕಾಣಲಿಲ್ಲ. ಏನು ಮಾಡುವುದು?

ಅವತ್ತು ಟರ್ಬೈನ್ ಓಡಿತ್ತೇ ಕೇಳಿ. ಕಾನೊವಿಂಗೊದಲ್ಲಿ ನೀರು ಬಿಡುವ ಅಂದಾಜನ್ನು ಫೋನಿನಲ್ಲೇ ಕೇಳಿ ತಿಳಿಯಬಹುದು, ಅದನ್ನು ನೋಡದೆ ಹೊರಟರೆ ಹೀಗಾಗುತ್ತದೆ. ಮಳೆ ಬಂದು ನೀರು ಕೆಂಪಾಗಿದ್ದರೆ ಹದ್ದಿಗೂ ಮೀನು ಕಾಣುವುದಿಲ್ಲ. ಮಧ್ಯಾಹ್ನ ಹೋಗಿದ್ದರೆ ಅವುಗಳ ಹೊಟ್ಟೆ ಆಗಲೇ ತುಂಬಿರಬಹುದು. ಹೊಟ್ಟೆ ತುಂಬಿದ ಹದ್ದಿನ ಕುತ್ತಿಗೆಯ ಕೆಳಗೆ ಚೀಲ ಉಬ್ಬಿರುತ್ತದೆ, ಹಾಗೆ ಕಂಡರೆ ಕಾಯುವುದು ದಂಡ.

ಹದ್ದುಗಳನ್ನಾದರೂ ನೋಡಿಯೇ ತೀರಬೇಕು ಎನ್ನುವವರಿಗೆ ಕೊನೆಯ ದಾರಿಯೊಂದಿದೆ. ಕೆನಡಾದ ವ್ಯಾಂಕೂವರ್ ನಗರದ ಕಸ ಸುರಿಯುವ ಜಾಗ ಡೆಲ್ಟಾ ಎಂಬ ಊರಿನಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ನೂರಾರು ಬಾಲ್ಡ್ ಈಗಲ್‌ಗಳು ಗಲ್ ಹಕ್ಕಿಗಳ ಜೊತೆ ಕಸ ಕೆದಕುತ್ತಾ ಇರುತ್ತವೆ. ಬೇಟೆ ಅಲ್ಲ, ಆದರೆ ಕಿತ್ತಾಟಕ್ಕೇನೂ ಕಡಿಮೆ ಇಲ್ಲ.